ಹದಿನಾರು ಡಿಗ್ರಿ ಚಳಿ

ಆಗಸ್ಟ್ ತಿಂಗಳ ಮಧ್ಯಾಹ್ನ ಗಲ್ಫಿನ ಈ ಮಂಗಫ್‌ನಲ್ಲಿ ದೆವ್ವಗಳೂ ಹೊರಗೆ ಬರುವುದಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಐವತ್ತು ಡಿಗ್ರಿ ಬಿಸಿಲು, ರಸ್ತೆಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ, ಎಲ್ಲ ಕಿಟಕಿಗಳಿಗೂ ದಪ್ಪ ಪರದೆ. ನಮ್ಮೂರಿನಲ್ಲಿ ನಡುರಾತ್ರಿ ಹೇಗೋ ಇಲ್ಲಿ ನಡುಹಗಲು ಹಾಗೆ. ಆ ತಮಾಷೆಯನ್ನು ಈಗ ಬಿಟ್ಟಿದ್ದೇನೆ.

ನಾನು ಪದ್ಮಮ್ಮ, ಮೈಸೂರಿನವಳು. ನಮ್ಮವರು ಅನಂತರಾಮು, ಅಹ್ಮದಿಯ ಎಣ್ಣೆ ಕಂಪನಿಯಲ್ಲಿ ಎಂಜಿನಿಯರು. ಇಪ್ಪತ್ತೆರಡು ವರ್ಷದಿಂದ ಇದೇ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿದ್ದೇವೆ. ಎದುರು ಮನೆ ಬ್ರಿಜಿಟ್‌ಳದು. ಉಡುಪಿ ಹತ್ತಿರದ ಶಿರ್ವದವಳು, ಮನೆಮಾತು ಕೊಂಕಣಿ, ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಬೆಳಗಿನ ಡ್ಯೂಟಿ ಇದ್ದಾಗ, ಶಾಲೆಗೆ ಬೇಸಿಗೆ ರಜೆಯಾದ್ದರಿಂದ, ಒಂಬತ್ತು ವರ್ಷದ ಮಗಳು ಆಶ್ಲಿಗೆ ಮಧ್ಯಾಹ್ನ ಊಟ ಹಾಕುವ ಕೆಲಸ ನನ್ನದು. ಮನೆಯ ಒಂದು ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಬೇರೆಯವರ ಮನೆಯ ಬೀಗದ ಕೈ ಸಿಕ್ಕಿದರೆ ನನಗೆ ಅಧಿಕಾರವೂ ಸಿಕ್ಕಿದ ಹಾಗೆ. ಅದು ನನ್ನ ಹುಟ್ಟುಗುಣ, ಮುಚ್ಚಿಟ್ಟು ಏನು ಪ್ರಯೋಜನ.

ಆ ದಿನ ಆಗಸ್ಟ್ ಹತ್ತೋ ಹನ್ನೊಂದೋ. ಡಬ್ಬಿಯಲ್ಲಿ ಹುಳಿಯನ್ನ ತೆಗೆದುಕೊಂಡು ಹೋಗಿ ಬಾಗಿಲು ತೆಗೆದೆ. ಒಳಗಿನಿಂದ ಬಂದ ಚಳಿಗೆ ಹಲ್ಲು ಕಟಕಟ ಎಂದಿತು. ಪರದೆಗಳನ್ನೆಲ್ಲ ಎಳೆದಿತ್ತು. ಕತ್ತಲಲ್ಲಿ ಸೀರಿಯಲ್ ಲೈಟಿನ ಸಣ್ಣ ಸಣ್ಣ ಬಲ್ಬುಗಳು ಹತ್ತಿ ಆರುತ್ತಿದ್ದವು. ಟೀಪಾಯಿಯ ಮೇಲೆ ರಟ್ಟಿನ ಪೆಟ್ಟಿಗೆ ಕತ್ತರಿಸಿ ಮಾಡಿದ ಕ್ರಿಸ್ಮಸ್ ಗೋದಲಿ. ಹಸು, ಕತ್ತೆ, ಕುರುಬರು, ಮಂಡಿಯೂರಿದ ತಾಯಿ, ಕೋಲು ಹಿಡಿದ ತಂದೆ, ಎಲ್ಲರೂ ನಡುವಿನ ಒಂದು ಪುಟ್ಟ ಹುಲ್ಲಿನ ತೊಟ್ಟಿಲನ್ನೇ ನೋಡುತ್ತಿದ್ದರು. ತೊಟ್ಟಿಲು ಖಾಲಿ. ಅದರ ಪಕ್ಕದಲ್ಲಿ ನೆಲದ ಮೇಲೆ ಆಶ್ಲಿ ಕೂತಿದ್ದಳು. ಸ್ವೆಟರು, ಉಣ್ಣೆ ಟೋಪಿ, ಕಾಲಿಗೆ ಅಪ್ಪನ ದೊಡ್ಡ ಸಾಕ್ಸು.

ರಿಮೋಟ್ ನೋಡಿದೆ. ಹದಿನಾರು.

"ಏನೇ ಇದು? ಹದಿನಾರಕ್ಕಿಟ್ಕೊಂಡು ಕೂತಿದೀಯಲ್ಲ, ನಿಮೋನಿಯಾ ಬರ್ಬೇಕಾ? ಹೊರಗಡೆ ಬೆಂಕಿ ಬೀಳ್ತಿದೆ, ಇದೆಂಥ ಕ್ರಿಸ್ಮಸ್ಸು ನಿಂದು!"

ನಾನು ಬೈದರೆ ಕಟ್ಟಡದ ಪಾರಿವಾಳಗಳೂ ಹಾರಿಹೋಗುತ್ತವೆ. ಈ ಹುಡುಗಿ ಮಾತ್ರ ತುಟಿಯ ಮೇಲೆ ಬೆರಳಿಟ್ಟಳು.

"ಶ್ಶ್... ಆಂಟಿ, ಲಿಸನ್."

ಗೋಡೆಯ ಮೇಲಿನ ಎಸಿಯಿಂದ ಸದ್ದು ಬರುತ್ತಿತ್ತು. ಟಕ್, ಟಕ್, ಟಕ್. ಸ್ವಲ್ಪ ಸುಮ್ಮನಾಗುವುದು. ಮತ್ತೆ ಟಕ್, ಟಕ್, ಟಕ್. ಒಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದ ಹಾಗೆ.

"ದಟ್ಸ್ ಡ್ಯಾಡಿ," ಎಂದಳು.

ಅವಳ ಅಪ್ಪ ಜೋಕಿಮ್ ಸತ್ತು ಎಂಟು ತಿಂಗಳಾಗಿತ್ತು.

ಜೋಕಿಮ್ ಎಸಿ ಮೆಕ್ಯಾನಿಕ್ಕು. ಯಾವ ಮನೆಗೆ ಹೋದರೂ ಕೆಟ್ಟ ಎಸಿಯನ್ನು ಮೊದಲು ಬೆರಳಿನಿಂದ ಮೂರು ಸಲ ಬಡಿಯುತ್ತಿದ್ದ, ಡಾಕ್ಟರು ರೋಗಿಯ ಬೆನ್ನು ಬಡಿಯುವ ಹಾಗೆ. ಹೋದ ಡಿಸೆಂಬರ್ ಇಪ್ಪತ್ತೆರಡರ ಸಂಜೆ ಕೆಲಸ ಮುಗಿಸಿ ಕಂಪನಿ ಬಸ್ಸು ಹತ್ತಿದವನು ಸೀಟಿನಲ್ಲೇ ನಿದ್ದೆ ಹೋದ. ಬಸ್ಸು ಮಂಗಫ್‌ಗೆ ಬಂತು, ಎಲ್ಲರೂ ಇಳಿದರು, ಅವನು ಇಳಿಯಲಿಲ್ಲ. ಹೃದಯ ದಾರಿಯಲ್ಲೇ ಎಲ್ಲೋ ನಿಂತಿತ್ತು. ಶವವನ್ನು ಊರಿಗೆ ಸಾಗಿಸಿ ಶಿರ್ವದಲ್ಲೇ ಮಣ್ಣು ಮಾಡಿದರು. ಬ್ರಿಜಿಟ್‌ಳ ಕೆಲಸದ ಕರಾರು ಆಗಸ್ಟ್‌ವರೆಗೆ ಇದ್ದುದರಿಂದ ತಾಯಿ ಮಗಳು ಜನವರಿಯಲ್ಲಿ ವಾಪಸು ಬಂದರು. ಈಗ ಕರಾರೂ ಮುಗಿಯುತ್ತಿತ್ತು, ಇಲ್ಲಿ ವಾಸಿಸಲು ಬೇಕಾದ ಇಕಾಮಾ ಪರವಾನಗಿಯೂ ರದ್ದಾಗುತ್ತಿತ್ತು. ಇಪ್ಪತ್ತೆಂಟನೆಯ ತಾರೀಕಿಗೆ ಟಿಕೆಟ್ಟು. ಅಷ್ಟೆ, ಮತ್ತೆ ಈ ಊರಿಗೆ ಬರುವುದಿಲ್ಲ.

ಸಂಜೆ ಬ್ರಿಜಿಟ್ ಬಂದ ಕೂಡಲೇ ಮಗಳ ಮೇಲೆ ಚಾಡಿ ಹೇಳಿದೆ. ಅವಳು ಯೂನಿಫಾರ್ಮಿನಲ್ಲೇ ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತಳು.

"ಎಂತ ಮಾಡುದು ಪದ್ಮಕ್ಕ, ಹೇಳಿ ಹೇಳಿ ಸಾಕಾಯ್ತು. ನಮ್ಮಲ್ಲಿ ಗೋದಲಿ ಕಟ್ಟಿದ್ರೂ ಬಾಲಯೇಸುವನ್ನು ಮೊದ್ಲೇ ಇಡ್ಲಿಕ್ಕಿಲ್ಲ. ಇಪ್ಪತ್ನಾಲ್ಕಕ್ಕೆ ಪೂಜೆ ಮುಗಿಸಿ ಬಂದ ಮೇಲೆ ಇಡುದು. ಇವರು ಅದನ್ನೊಂದು ಆಟ ಮಾಡಿದ್ರು. ಪ್ರತಿ ವರ್ಷ ಎಲ್ಲಿಯಾದ್ರೂ ಅಡಗಿಸಿಡುದು. ಇವಳು ತಿಂಗಳಿಡೀ ಹುಡುಕುದು. ಎಲ್ಲುಂಟು ಡ್ಯಾಡಿ ಅಂತ ಕೇಳಿದ್ರೆ, ಚಳಿ ಆಗ್ಲಿ ಬಾಯೆ, ಚಳಿ ಆದ ಕೂಡ್ಲೇ ಬರ್ತಾನೆ ಅನ್ನುದು. ಕಡೆಗೆ ಅವ್ರೇ ತೆಗ್ದು, ಇವಳ ಎದ್ರು ತೊಟ್ಟಿಲಲ್ಲಿ ಇಡುದು. ಬೇರೆ ಯಾರೂ ಮುಟ್ಲಿಕ್ಕಿಲ್ಲ."

"ಹೋದ ವರ್ಷ ಎಲ್ಲಿಟ್ಟಿದ್ರು?"

"ಯಾರಿಗೆ ಗೊತ್ತು! ಹೇಳದೆ ಹೋದ್ರಲ್ಲ. ಮನೆಯಿಡೀ ಹುಡುಕಿದೆ, ಸಿಕ್ಲಿಲ್ಲ. ಇವಳದ್ದು ಒಂದೇ ಹಟ. ಚಳಿ ಆದ್ರೆ ಡ್ಯಾಡಿ ಬರ್ತಾರೆ, ಬಂದು ತೆಗ್ದು ಕೊಡ್ತಾರೆ. ಅಷ್ಟರವರೆಗೆ ವಿಮಾನ ಹತ್ತುದಿಲ್ಲವಂತೆ. ಅವರು ಬಸ್ಸಲ್ಲಿ ಮಲಗಿದ್ರಲ್ಲ, ಸತ್ತದ್ದು ಅವರಿಗೆ ಗೊತ್ತಿಲ್ಲ, ಎದ್ದು ಈ ಮನೆಗೇ ಬರುದು ಅಂತ ಹೇಳ್ತಾಳೆ." ಬ್ರಿಜಿಟ್ ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು. "ಆ ಸದ್ದು ನಂಗೂ ಕೇಳ್ತದೆ ಪದ್ಮಕ್ಕ. ಏಪ್ರಿಲ್‌ನಲ್ಲಿ ಎಸಿ ಹಾಕಿದ ದಿನದಿಂದ ಕೇಳ್ತದೆ. ನಂಗೆ ಹೆದ್ರಿಕೆ ಆಗುದಿಲ್ಲ. ಅದೇ ದೊಡ್ಡ ಹೆದ್ರಿಕೆ."

ನಾನು ಅವಳಿಗೆ ಕಾಫಿ ಕೊಟ್ಟು, "ಎಲ್ಲಾ ಮನಸ್ಸಿನ ಭ್ರಮೆ ಕಣಮ್ಮ," ಎಂದೆ. ನಮ್ಮವರನ್ನು ಕೇಳಿದ್ದಕ್ಕೆ, "ಒಳಗಡೆ ಏನೋ ಲೂಸ್ ಆಗಿದೆ, ಗಾಳಿಗೆ ಬಡ್ಕೊಳ್ತಿದೆ," ಎಂದು ಪೇಪರಿನಿಂದ ತಲೆ ಎತ್ತದೆ ಹೇಳಿದರು. ನನಗೂ ಅದೇ ಸರಿಯೆನ್ನಿಸಿತು. ಆದರೆ ಮರುದಿನದಿಂದ ಡಬ್ಬಿ ಕೊಟ್ಟು ಬರುವ ಬದಲು ನಾನೂ ಶಾಲು ಹೊದ್ದು ಆ ಹುಡುಗಿಯ ಜೊತೆ ಕೂರತೊಡಗಿದೆ. ಯಾಕೆ ಎಂದು ಯಾರಾದರೂ ಕೇಳಿದ್ದರೆ, ಅವಳು ಅನ್ನ ಚೆಲ್ಲುತ್ತಾಳೆ ಅಂತಲೋ ಏನೋ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಸದ್ದಿಗೆ ನಾನೂ ಕಾಯುತ್ತಿದ್ದೆ.

ಹೊರಗೆ ಬಿಸಿಲು ಕುದಿಯುತ್ತಿತ್ತು. ಒಳಗೆ ನಾವಿಬ್ಬರು ಕತ್ತಲಲ್ಲಿ, ಬಾಯಿಂದ ಹೊಗೆ ಬರುತ್ತದೇನೋ ಎಂದು ಊದಿ ನೋಡುತ್ತ ಕೂರುತ್ತಿದ್ದೆವು. ಅವಳು ಎದ್ದು ಕುರುಬರನ್ನು ಸ್ವಲ್ಪ ಮುಂದೆ ಸರಿಸುವಳು. ಟಕ್, ಟಕ್, ಟಕ್. "ಇಟ್ಸ್ ಕೋಲ್ಡ್, ಡ್ಯಾಡಿ," ಎನ್ನುವಳು, ಪಕ್ಕದ ಕೋಣೆಯಲ್ಲಿರುವವನಿಗೆ ಹೇಳುವಷ್ಟು ಸಹಜವಾಗಿ.

ಇಪ್ಪತ್ತಮೂರನೆಯ ತಾರೀಕು ಎಸಿಯ ಗಾಳಿ ನಿಂತುಹೋಯಿತು. ಗೋಡೆಯ ಮೇಲೆ ನೀರು ಇಳಿಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಹಾಲ್ ಒಲೆಯಾಯಿತು. ಬ್ರಿಜಿಟ್‌ಗೆ ಅಂದು ರಜೆ. ಮಗಳ ಅಳು ನೋಡಲಾರದೆ ಸೂಟ್‌ಕೇಸು ಕೊಳ್ಳುವ ನೆಪದಲ್ಲಿ ಅವಳನ್ನು ಫಹಾಹೀಲ್‌ಗೆ ಕರೆದುಕೊಂಡು ಹೋದಳು. ರಿಪೇರಿ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ಬಂದವನು ಸುಂದರ. ಜೋಕಿಮ್‌ನ ಜೊತೆ ಆರು ವರ್ಷ ಕೆಲಸ ಮಾಡಿದವನು, ಕಾರ್ಕಳದ ಕಡೆಯವನು. ಆ ಸಂಜೆ ಬಸ್ಸಿನಲ್ಲಿ ಜೋಕಿಮ್‌ನ ಪಕ್ಕ ಕೂತಿದ್ದವನೂ ಇವನೇ. ಏಣಿ ಹಾಕಿ ಹತ್ತಿ ಎಸಿಯ ಮುಚ್ಚಳದ ಮೇಲೆ ಕೈಯಿಟ್ಟ.

"ಪ್ರತಿ ಏಪ್ರಿಲ್‌ಗೆ ಜೋಕಿಮಣ್ಣ ಅವ್ರೇ ಫಿಲ್ಟರ್ ತೊಳೀತಿದ್ರು ಅಮ್ಮ. ಈ ಸಲ ಯಾರೂ ತೆಗ್ದ ಹಾಗೆ ಕಾಣುದಿಲ್ಲ."

ಮುಚ್ಚಳ ಎತ್ತಿ, ಧೂಳು ಕಟ್ಟಿದ ಫಿಲ್ಟರು ಎಳೆದ. ಎಳೆದವನು "ಅಯ್ಯೋ ದೇವ್ರೆ," ಎಂದ.

ನಾನು ಕುರ್ಚಿ ಹತ್ತಿ ಇಣುಕಿದೆ. ಒಳಗೆಲ್ಲ ಹಿಮ. ಹೊರಗೆ ಐವತ್ತು ಡಿಗ್ರಿ, ಇಲ್ಲಿ ಒಂದು ಮೊಳ ಉದ್ದಕ್ಕೆ ಬೆಳ್ಳಗೆ ಹೆಪ್ಪುಗಟ್ಟಿದ ಹಿಮ. ಅದರ ಮೇಲೆ, ನೀಲಿ ಗೆರೆಯ ಕರ್ಚೀಫಿನಲ್ಲಿ ಸುತ್ತಿದ ಬೆರಳುದ್ದದ ಒಂದು ಗಂಟು ಮಲಗಿತ್ತು.

ಸುಂದರ ಅದನ್ನು ಬಿಚ್ಚಿದ. ಬಾಲಯೇಸು. ಗುಲಾಬಿ ಬಣ್ಣದ ಮೈ, ಚಾಚಿದ ಎರಡು ಕೈ, ಒಂದು ಕಿರುಬೆರಳು ಮುರಿದಿತ್ತು. ಚಳಿಗಾಲದಲ್ಲಿ ಎಸಿಯನ್ನು ಯಾರೂ ತೆರೆಯುವುದಿಲ್ಲ ಎಂದು ಜೋಕಿಮ್ ಅಲ್ಲಿಟ್ಟಿದ್ದ. ಚಳಿ ಆಗಲಿ, ಬರ್ತಾನೆ ಎಂದಿದ್ದ.

"ಇದೇ ಗಾಳಿಗೆ ಅಡ್ಡ ಆಗಿದ್ದು. ಗಾಳಿ ಹೋಗದೆ ಐಸ್ ಕಟ್ಟಿದ್ದು. ಈ ಗಂಟಿನ ತುದಿ ಪ್ಲಾಸ್ಟಿಕ್ಕಿಗೆ ಬಡೀತಿತ್ತು, ಸದ್ದು ಅದ್ರದ್ದೇ," ಎಂದು ಸುಂದರ ವಿವರಿಸಿದ. "ಆ ದಿನ ಅವ್ರು ನನ್ನ ಹೆಗ್ಲಿಗೆ ಒರಗಿದ್ರು ಅಮ್ಮ. ಸುಸ್ತಾಗಿ ನಿದ್ರೆ ಬಂತು ಅಂತ ನಾನು ಅಲುಗಾಡದೆ ಕೂತಿದ್ದೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ..." ಅವನು ಹಿಮ ಕರಗಿಸಿ, ಎಸಿ ಒರೆಸಿ, ತೊಳೆದ ಫಿಲ್ಟರು ಹಾಕಿ ಶುರುಮಾಡಿದ. ತಣ್ಣನೆ ಗಾಳಿ ಬಂತು. ಸದ್ದಿಲ್ಲ. ಹೋಗುವಾಗ ಬಾಗಿಲಲ್ಲಿ ತಿರುಗಿ, "ಅದನ್ನು ಬ್ರಿಜಿಟಕ್ಕನ ಕೈಗೇ ಕೊಡಿ ಅಮ್ಮ," ಎಂದ.

ಕೊಟ್ಟಿದ್ದರೆ ಇಂದು ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನ್ನ ಬುದ್ಧಿ ಎಲ್ಲಿ ಸುಮ್ಮನಿರುತ್ತದೆ? ಮಗುವಿಗೆ ಬೇಕಾದದ್ದು ಈ ಗೊಂಬೆ ತಾನೇ, ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳಲಿ, ಸಂತೋಷದಿಂದ ಕುಣಿದಾಡಲಿ, ಆಮೇಲೆ ವಿಮಾನ ಹತ್ತಲು ಏನು ಅಡ್ಡಿ ಎಂದುಕೊಂಡೆ. ಬ್ರಿಜಿಟ್ ಹೇಳಿದ್ದೆಲ್ಲ ನೆನಪಿತ್ತು. ಬೇರೆ ಯಾರೂ ಮುಟ್ಟುವುದಿಲ್ಲ ಎಂದದ್ದೂ ನೆನಪಿತ್ತು. ದಸರೆಯಲ್ಲಿ ನಲವತ್ತು ವರ್ಷ ಗೊಂಬೆ ಕೂರಿಸಿದವಳು ನಾನು, ಒಂದು ಗೊಂಬೆ ಇಡಲು ನನಗೆ ಬರುವುದಿಲ್ಲವೇ? ಸೆರಗಿನಲ್ಲಿ ಒರೆಸಿ ತೊಟ್ಟಿಲಿನಲ್ಲಿ ಮಲಗಿಸಿದೆ. ಕರ್ಚೀಫನ್ನು ಮಡಿಸಿ ಪಕ್ಕದಲ್ಲಿಟ್ಟೆ. ಸೀರಿಯಲ್ ಲೈಟು ಹಾಕಿದೆ. ಹದಿನಾರಕ್ಕೂ ಇಳಿಸಿದೆ.

ಎರಡು ಗಂಟೆಗೆ ಅವರು ಬಂದರು. ನಾನು ಬಾಗಿಲ ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದೆ.

ಆಶ್ಲಿ ತೊಟ್ಟಿಲು ನೋಡಿದಳು. ಕರ್ಚೀಫು ನೋಡಿದಳು. ಕುಣಿಯಲಿಲ್ಲ. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಹಿ ಕೇಮ್?" ಎಂದಳು. "ಹಿ ಕೇಮ್ ಅಂಡ್ ಐ ವಾಸ್ ನಾಟ್ ಹಿಯರ್?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಬೆಡ್‌ರೂಮಿಗೆ ಓಡಿದಳು, ಬಾತ್‌ರೂಮಿಗೆ ಓಡಿದಳು, ಬಾಲ್ಕನಿಯ ಬಾಗಿಲು ತೆಗೆದು ಕೆಳಗೆ ನೋಡಿದಳು. "ಡ್ಯಾಡಿ! ವೇಟ್!" ಎಂದು ಕಿರುಚಿ ಬರಿಗಾಲಿನಲ್ಲಿ ಮೆಟ್ಟಿಲಿಳಿದಳು. ಬ್ರಿಜಿಟ್ ಹೊಸ ಸೂಟ್‌ಕೇಸನ್ನು ಅಲ್ಲೇ ಕೆಡವಿ ಹಿಂದೆ ಓಡಿದಳು. ನನ್ನ ಮಂಡಿ ಓಡಲು ಬಿಡಲಿಲ್ಲ. ಬಾಲ್ಕನಿಯಿಂದ ನೋಡಿದೆ. ಬಿಳಿ ಬಿಸಿಲಿನ ಖಾಲಿ ರಸ್ತೆಯಲ್ಲಿ ಬರಿಗಾಲಿನ ಮಗು ಓಡುತ್ತಿತ್ತು. ಮೂಲೆಯಲ್ಲಿ ಒಂದು ಕಂಪನಿ ಬಸ್ಸು ನಿಂತಿತ್ತು. ಅವಳು ಅದರ ಒಂದೊಂದು ಕಿಟಕಿಯ ಕೆಳಗೂ ನೆಗೆದು ನೆಗೆದು ಒಳಗೆ ನೋಡುತ್ತಿದ್ದಳು.

ಅವಳನ್ನು ಎತ್ತಿಕೊಂಡು ಬಂದಾಗ ಅಂಗಾಲಿನಲ್ಲಿ ಬೊಬ್ಬೆಗಳು ಎದ್ದಿದ್ದವು. ಬ್ರಿಜಿಟ್ ಮುಲಾಮು ಹಚ್ಚುತ್ತಿದ್ದಳು. ಮಗು ಉರಿಗೆ ಅಳಲಿಲ್ಲ. "ಐ ಮಿಸ್ಡ್ ಹಿಮ್," ಎಂದು ಅದೊಂದನ್ನೇ ಹೇಳುತ್ತಿತ್ತು. ನನಗೆ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ನಾನು ಸುಮ್ಮನಿದ್ದರೆ, ಅಪ್ಪ ಬಂದಾಗ ತಾನು ಮನೆಯಲ್ಲಿರಲಿಲ್ಲ ಎಂಬುದನ್ನು ಈ ಹುಡುಗಿ ಸಾಯುವವರೆಗೆ ಹೊತ್ತುಕೊಂಡು ತಿರುಗುತ್ತಾಳೆ. ಹೇಳಿಬಿಟ್ಟರೆ ಅಪ್ಪ ಬರಲೇ ಇಲ್ಲ ಎಂದಾಗುತ್ತದೆ.

"ಆಶ್ಲಿ, ಅದನ್ನ ಇಟ್ಟಿದ್ದು ನಾನು ಕಣೇ. ಎಸಿ ಒಳಗಡೆ ಇತ್ತು. ನಿಮ್ ಡ್ಯಾಡಿ ಬಂದಿರ್ಲಿಲ್ಲ. ತಪ್ಪಾಯ್ತು ಮಗಳೇ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಐವತ್ತೇಳು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ನಾನು ಆ ಮಗುವಿನ ಅಪ್ಪನನ್ನು ಎರಡು ಸಲ ಕಳೆದಿದ್ದೆ. ಆಮೇಲೆ ಅವಳು ಕುಂಟುತ್ತ ಹೋಗಿ ಬಾಲಯೇಸುವನ್ನು ತೊಟ್ಟಿಲಿನಿಂದ ಎತ್ತಿ, ಕರ್ಚೀಫಿನಲ್ಲಿ ಸುತ್ತಿ, ಅಪ್ಪ ಹಾಕಿದ ಹಾಗೆಯೇ ಗಂಟು ಹಾಕಿದಳು.

ಉಳಿದ ನಾಲ್ಕು ದಿನವೂ ಹದಿನಾರಕ್ಕಿಟ್ಟು ಕಾದೆವು. ಬ್ರಿಜಿಟ್ ಬೇಡವೆನ್ನಲಿಲ್ಲ, ಅವಳೂ ಸ್ವೆಟರು ಹಾಕಿಕೊಂಡು ಕೂತಳು. ಪ್ಯಾಕ್ ಮಾಡಿದ ಪೆಟ್ಟಿಗೆಗಳ ನಡುವೆ ಟೀಪಾಯಿಯೊಂದು ಗೋದಲಿಯ ಸಮೇತ ಉಳಿದಿತ್ತು. ಎಸಿ ಹೊಸದರ ಹಾಗೆ ಸದ್ದಿಲ್ಲದೆ ನಡೆಯಿತು. ಆ ಮೌನ ಕೇಳಲಾಗುತ್ತಿರಲಿಲ್ಲ. ಸುಂದರನಿಗೆ ಅಷ್ಟು ಚೆನ್ನಾಗಿ ರಿಪೇರಿ ಮಾಡಲು ಹೇಳಿದವರು ಯಾರು ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಇಪ್ಪತ್ತೆಂಟನೆಯ ತಾರೀಕು ಆಶ್ಲಿ ಹಟ ಮಾಡಲಿಲ್ಲ. ಹಟ ಮಾಡಿದ್ದರೆ ಚೆನ್ನಾಗಿತ್ತು. ಕೆಳಗೆ ಟ್ಯಾಕ್ಸಿಯ ಹತ್ತಿರ ನನ್ನ ಕೈಗೆ ಆ ಕರ್ಚೀಫಿನ ಗಂಟು ಕೊಟ್ಟಳು.

"ನೀನೇ ತಗೊಂಡು ಹೋಗಮ್ಮ, ಊರಲ್ಲಿ ಇಡು," ಎಂದೆ.

"ನೋ ಆಂಟಿ. ಹಿ ವಿಲ್ ಲುಕ್ ಫಾರ್ ಇಟ್ ಹಿಯರ್." ಆಮೇಲೆ, ನನಗೆ ಇಂಗ್ಲಿಷು ಅರ್ಥವಾಗಲಿಲ್ಲವೇನೋ ಎಂಬಂತೆ, ಎಂದೂ ಆಡದ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು: "ಡ್ಯಾಡಿ ಬಂದ್ರೆ ಕೊಡಿ. ನೀವು ಇಡ್ಬೇಡಿ."

ಎರಡು ದಿನ ಬಿಟ್ಟು, ಶುಕ್ರವಾರ ಮಧ್ಯಾಹ್ನ, ಬೀಗದ ಕೈಯನ್ನು ಕಟ್ಟಡದ ಕಾವಲುಗಾರನಿಗೆ ಒಪ್ಪಿಸುವ ಮೊದಲು ಒಂದು ಸಲ ಮನೆ ನೋಡಿ ಬರೋಣ ಎಂದು ಹೋದೆ. ಕರೆಂಟಿನ ಮೇನ್ ಸ್ವಿಚ್ಚನ್ನು ಅವನು ಹಿಂದಿನ ದಿನವೇ ಆಫ್ ಮಾಡಿದ್ದ. ಬರಿಯ ಗೋಡೆ, ಬರಿಯ ನೆಲ, ಮುಚ್ಚಿದ ಕಿಟಕಿ, ಉಸಿರುಗಟ್ಟುವ ಸೆಕೆ. ನಿಂತಲ್ಲೇ ಬೆವರು ಸುರಿಯಿತು. ಗೋದಲಿ ಇದ್ದ ಜಾಗದಲ್ಲಿ ಒಂದೆರಡು ಹುಲ್ಲುಕಡ್ಡಿ ಬಿದ್ದಿದ್ದವು. ಎತ್ತಲೆಂದು ಬಗ್ಗಿದೆ.

ಟಕ್, ಟಕ್, ಟಕ್.

ಬಗ್ಗಿದವಳು ಹಾಗೆಯೇ ನಿಂತೆ. ಗೋಡೆಯ ಮೇಲೆ ಎಸಿ ಸತ್ತು ಕೂತಿತ್ತು, ಅದರ ಪ್ಲಗ್ಗು ಕೂಡ ಕಿತ್ತು ಕೆಳಗೆ ನೇತಾಡುತ್ತಿತ್ತು. ಒಳಗೆ ಗಂಟಿಲ್ಲ. ಗಂಟು ನನ್ನ ಮನೆಯ ಬೀರುವಿನಲ್ಲಿದೆ. ಗಾಳಿಯಿಲ್ಲ.

ಟಕ್, ಟಕ್, ಟಕ್.

ಓಡಬೇಕಿತ್ತು. ಓಡಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ನನಗೆ ಸಿಟ್ಟು ಬಂತು. "ಈಗ ಬಂದ್ರಾ?" ಎಂದೆ, ಗಟ್ಟಿಯಾಗಿಯೇ. "ಹದಿನೈದು ದಿನ ಹಲ್ಲು ಕಚ್ಕೊಂಡು ಕಾದ್ಳಲ್ರೀ ಆ ಮಗು! ಕಾಲು ಸುಟ್ಕೊಂಡು ರಸ್ತೇಲಿ ಹುಡುಕಿದ್ಳಲ್ರೀ! ಎಲ್ಲಿದ್ರಿ ನೀವು?"

ಸದ್ದು ನಿಂತಿತು. ಆ ಸೆಕೆಯಲ್ಲಿ ನನ್ನ ಪ್ರಶ್ನೆಗೆ ನನಗೇ ನಾಚಿಕೆಯಾಯಿತು. ದಾರಿ ಹುಡುಕಿಕೊಂಡು ಬಂದವನಿಗೆ ಬಾಗಿಲಲ್ಲೇ ಬೈದ ಹಾಗಾಯಿತು.

"ಅವ್ರು ಹೋದ್ರು ಜೋಕಿಮ್," ಎಂದೆ. "ಇಲ್ಲಿ ಯಾರೂ ಇಲ್ಲ. ನೀವು ಇಟ್ಟಿದ್ದು ನಮ್ಮನೇಲಿದೆ. ಬನ್ನಿ."

ಬಾಗಿಲನ್ನು ಪೂರ್ತಿ ತೆರೆದು, ಸಾಮಾನು ಹೊತ್ತವರು ದಾಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡಿದು ನಿಂತೆ. ನಂತರ ಬೀಗ ಹಾಕಿದೆ.

ನಮ್ಮ ಮನೆಯ ಹಾಲ್‌ನಲ್ಲಿ ಇವರು ಊಟ ಮುಗಿಸಿ ಟಿವಿ ನೋಡುತ್ತಿದ್ದರು. ನಾನು ಬಂದು ಕೂತು ಇನ್ನೂ ನೀರು ಕುಡಿದಿರಲಿಲ್ಲ, ನಮ್ಮ ಎಸಿಯೊಳಗಿಂದ ಕೇಳಿತು. ಟಕ್, ಟಕ್, ಟಕ್.

"ಇದಕ್ಕೂ ಶುರುವಾಯ್ತಾ? ಆ ಸುಂದರನಿಗೆ ಒಂದು ಫೋನ್ ಮಾಡು ಪದ್ಮ," ಎಂದರು.

ನಾನು ಫೋನ್ ಮಾಡಲಿಲ್ಲ. ಬೀರುವಿನಿಂದ ಗಂಟು ತಂದು, ಬಿಚ್ಚಿ, ಟೀಪಾಯಿಯ ಮೇಲಿಟ್ಟೆ. ಕರ್ಚೀಫಿನ ನಡುವೆ ಬಾಲಯೇಸು ಕೈ ಚಾಚಿ ಮಲಗಿತ್ತು. ಅದನ್ನು ಮುಟ್ಟಲಿಲ್ಲ. ಶಿರ್ವದ ವಿಳಾಸವನ್ನು, ಬ್ರಿಜಿಟ್ ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು, ಎಸಿಯ ಕಡೆ ಮುಖ ಮಾಡಿ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದೆ. ಇವರು ಟಿವಿಯ ಸದ್ದು ಕಡಿಮೆ ಮಾಡಿ ನನ್ನನ್ನೇ ನೋಡಿದರು. ನಾನು ಶಾಲು ಹೊದ್ದುಕೊಂಡೆ, ರಿಮೋಟ್ ತೆಗೆದುಕೊಂಡು ಹದಿನಾರಕ್ಕೆ ಇಳಿಸಿದೆ.